ಒಂದೇ ತೂತಿನ ಥಾಲಿಪೀಠ

ಬೆನ್ನಿಗೆ ಚುಚ್ಚುತ್ತಿರುವುದು ಕೊಡೆಯ ಹಿಡಿಕೆ, ಮೋಡದ ಚೂರೂ ಇಲ್ಲದ ಭಾನುವಾರ ಬೆಳಿಗ್ಗೆ ಸ್ಕೂಟರಿನ ಹಿಂದೆ ಕೊಡೆ ಹಿಡಿದು ಕೂತವರು ಇಡೀ ಪುಣೆಯಲ್ಲಿ ಮಾವ ನಾನಾ ಒಬ್ಬರೇ ಇರಬೇಕು, ಹವಾಮಾನ ಕಚೇರಿಯಿಂದ ನಿವೃತ್ತರಾದವರು, ಆ ಕಚೇರಿಯ ಮಾತನ್ನು ಒಳಗಿನಿಂದ ಬಲ್ಲವರು, ಅದಕ್ಕೇ ಕೊಡೆ — ಶರಯೂ ಮುಖಕ್ಕೆ ಸುತ್ತಿಕೊಂಡ ಓಢಣಿಯೊಳಗೇ ನಗುತ್ತಾಳೆ, ಹೊರಗಿರುವುದು ಕಣ್ಣು ಮಾತ್ರ, ಪಕ್ಕದ ರಿಕ್ಷಾದವನಿಗೆ ನಗುವೋ ಅಳುವೋ ತಿಳಿಯುವುದಿಲ್ಲ, ನಳಸ್ಟಾಪಿನ ಸಿಗ್ನಲ್ ಇನ್ನೂ ಕೆಂಪು, ಕಾಲ ಬಳಿಯ ಸ್ಟೀಲ್ ಡಬ್ಬಿಯಿಂದ ಥಾಲಿಪೀಠದ ಬಿಸಿ ವಾಸನೆ, ಹುರಿದ ಹಿಟ್ಟು, ಈರುಳ್ಳಿ, ಅಂಚು ಸ್ವಲ್ಪ ಸೀದಿದೆ, ಸೀಯಲಿ, ಜನ್ಮದಲ್ಲಿ ಅಡುಗೆಮನೆ ಹೊಕ್ಕಿರದ ಮಾವನವರು ಬೆಳಿಗ್ಗೆ ಎದ್ದು ಸೊಂಟಕ್ಕೆ ಪಂಚೆ ಬಿಗಿದು, ನೀ ಹೊರಗ ನಿಲ್ಲು ಎಂದರೆ ಸೀಯದೆ ಇನ್ನೇನಾದೀತು, ಬಾಗಿಲಾಚೆ ನಿಂತು ಅವಳು ಕೇಳಿಸಿಕೊಂಡದ್ದು ಬರೀ ಸದ್ದು, ತವಾದ ಮೇಲೆ ಹಿಟ್ಟು ತಟ್ಟುವ ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಬೆರಳು ತೂತು ಹಾಕುವ ಕ್ಷಣ ಅದು, ಆಮೇಲೆ ತೂತಿಗೆ ಬಿದ್ದ ಎಣ್ಣೆಯ ಚುಂಯ್, ಒಂದೇ ಚುಂಯ್ಯೋ ಐದೋ ಎಂದು ಕಿವಿ ನಿಮಿರಿಸಿ ಎಣಿಸಲು ಹೋದಳು, ಅಷ್ಟರಲ್ಲಿ ಸಲಿಲ, ಗಂಡ, ಹಲ್ಲುಜ್ಜುತ್ತಲೇ ಬಂದು, ಇಬ್ಬರೂ ಕೂಡಿ ಎಲ್ಲಿಗೆ ಸವಾರಿ ಎಂದು ಕೇಳಿ ಎಲ್ಲಾ ಎಣಿಕೆ ತಪ್ಪಿಸಿಬಿಟ್ಟ. ಕೋರ್ಟಿಗೆ ಎಂದಳು. ಬಾಯ್ತುಂಬ ನೊರೆ ಇದ್ದವನು ಮುಂದೆ ಕೇಳಲಿಲ್ಲ. ಹಸಿರು ಬಂತು, ಹಾರ್ನು, ಹಿಂದಿನಿಂದ ನಾನಾ ಹೂಂ ಎಂದರು, ಈ ಮನೆಗೆ ಬಂದಾಗಿನಿಂದ ಅವಳು ಕೇಳಿದ್ದು ಇದನ್ನೇ, ಹೂಂ, ಮತ್ತು ಚಹಾ, ಇನ್ನೂ ಏನಾದರೂ ಹೇಳಲೇಬೇಕಾದರೆ ಅವಳ ಮುಖ ಬಿಟ್ಟು ಹಿಂದಿನ ಗೋಡೆಯ ಕ್ಯಾಲೆಂಡರಿಗೆ ಹೇಳುವುದು, ಗೋಡಬೋಲೆ ಎಂಬುದು ಮನೆತನದ ಹೆಸರು, ಸಿಹಿಮಾತಿನವರು ಎಂದು ಅರ್ಥ, ಸಿಹಿ ಹಾಗಿರಲಿ, ಮಾತೇ ಇಲ್ಲವಲ್ಲ ಎಂದು ತವರಿನಲ್ಲಿ ಹೇಳಿಕೊಂಡು ನಕ್ಕಿದ್ದಳು, ಈಗ ಅದೇ ಮೌನವನ್ನು ಹಿಂದೆ ಕೂರಿಸಿಕೊಂಡು ಯುದ್ಧಕ್ಕೆ ಹೊರಟಿದ್ದಾಳೆ, ಗೆಲ್ಲುತ್ತಾಳೆ, ಗೆಲ್ಲದೆ ಏನು, ಇಷ್ಟು ಭಾರದ ಮದ್ದುಗುಂಡು ಯಾವ ಸ್ಕೂಟರಿನ ಮೇಲೂ ಹೋಗಿರಲಿಕ್ಕಿಲ್ಲ.

ಮದ್ದುಗುಂಡು ಸಿಡಿಯಬೇಕಲ್ಲ. ಅದೊಂದೇ ಅಳುಕು. ಸಿಡಿಯದಿದ್ದರೆ ಇವತ್ತು ಮಧ್ಯಾಹ್ನದೊಳಗೆ ಖಾರಿ ಇಲ್ಲ, ಲೋಖಂಡಿ ತವಾ ಇಲ್ಲ, ಇಬ್ಬರೂ ಚಾವಡಿ ಎಂಬ ಇಂಟರ್ನೆಟ್ ಹರಟೆಕಟ್ಟೆಯಲ್ಲಿ ಬರೆದದ್ದೆಲ್ಲಾ ವಿಸರ್ಜನೆ, ಗಣಪತಿಯನ್ನಾದರೂ ಮುಂದಿನ ವರ್ಷ ಬೇಗ ಬಾ ಎಂದು ಕಳಿಸುತ್ತಾರೆ, ಇದಕ್ಕೆ ಆ ಮಾತೂ ಇಲ್ಲ, ಒಮ್ಮೆ ಅಳಿಸಿದರೆ ಅಳಿಸಿತು. ಖಾರಿ ಎಂದರೆ ಅವಳೇ, ಚಹಾಕ್ಕೆ ಅದ್ದುವ ಪದರು ಬಿಸ್ಕೀಟಿನ ಹೆಸರು, ಮುಟ್ಟಿದರೆ ಪುಡಿ ಉದುರುತ್ತದೆ, ಕಚ್ಚಿದರೆ ಉಪ್ಪು. ಚಾವಡಿಗೆ ಬಂದವರೆಲ್ಲರೂ ಹೀಗೆ ಒಂದು ಹೆಸರು ತೊಟ್ಟುಕೊಂಡೇ ಬರಬೇಕು, ಹಗಲೆಲ್ಲ ಬ್ಯಾಂಕಿನ ದೂರು ವಿಭಾಗದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಮಾತು ನಮಗೆ ಅಮೂಲ್ಯ, ಎಂದು ಬರೆದುಕೊಟ್ಟದ್ದನ್ನೇ ಒಪ್ಪಿಸುವ ಶರಯೂ ಗೋಡಬೋಲೆ ಸಂಜೆ ಚಾವಡಿ ತೆರೆದು ಖಾರಿಯಾದರೆ ನಾಲಿಗೆಗೆ ರಕ್ತ ಹರಿದಂತಾಗುತ್ತಿತ್ತು, ಅಲ್ಲಿ ಯಾರ ಮಾತೂ ಅಮೂಲ್ಯವಲ್ಲ, ಎಲ್ಲದಕ್ಕೂ ಒಂದು ಬೆಲೆ ಕಟ್ಟಿ ಮುಖಕ್ಕೆ ಎಸೆಯುತ್ತಾರೆ. ಮಳೆಗಾಲದಲ್ಲಿ ಹಪ್ಪಳ ಒಣಗಿಸುವುದು ಹೇಗೆ ಎಂದು ಪಾಪದವರು ಯಾರೋ ಒಂದು ಚರ್ಚೆ ಶುರು ಮಾಡಿದರೆ ಸಾಕು, ಮೂರನೆಯ ಉತ್ತರಕ್ಕೇ ಒಬ್ಬಾತ, ಇದನ್ನು ಈ ಹಿಂದೆಯೇ ಚರ್ಚಿಸಲಾಗಿದೆ, ಎನ್ನುತ್ತಾನೆ, ಅವನು ಹುಟ್ಟಿದ್ದನ್ನೂ ಈ ಹಿಂದೆಯೇ ಚರ್ಚಿಸಿರಬೇಕು, ಆಮೇಲೆ ಆಧಾರ ಕೊಡಿ ಎನ್ನುವವನು, ಹಪ್ಪಳಕ್ಕೇನು ಆಧಾರ, ಆಮೇಲೆ ನ್ಯೂಜರ್ಸಿಯಿಂದ ಒಬ್ಬಳು, ನಮ್ಮಲ್ಲಿ ಇಲ್ಲಿ ಬಿಸಿಲೇ ಬೇರೆ ಥರ, ಹಪ್ಪಳ ಪೇಶ್ವೆಗಳ ಅಡುಗೆಮನೆಗೆ ಹೋಗಿ ಅಲ್ಲಿಂದ ಪಾಣಿಪತ್ತಿಗೆ ಹೋಗಿ ಸೋತು ವಾಪಸು ಬರುವಷ್ಟರಲ್ಲಿ ಬಡಿದಾಟ, ಬಡಿದಾಟ ಶುರುವಾದರೆ ಸುತ್ತ ನೋಡುವ ಮಂದಿ, ಚಿವಡಾ ಹಿಡಿದು ಕೂತೆ, ನಾನೂ ಕೂತೆ, ಸ್ವಲ್ಪ ಸರೀರಿ, ಎಂದು ಬರೆದು ಸಾಲಾಗಿ ಕೂರುತ್ತಾರೆ, ಕೊನೆಗೆ ಎಂಥ ಬೈಗುಳದ ಬಾಲಕ್ಕೂ ಒಂದು ನಗುಮುಖದ ಚಿಹ್ನೆ ಅಂಟಿಸಿದರೆ ಆಯಿತು, ಹೊಡೆದದ್ದಲ್ಲ, ಬೆನ್ನು ತಟ್ಟಿದ್ದು. ಈ ಗದ್ದಲದಲ್ಲಿ ಎಲ್ಲರೂ ಕೈ ಮುಗಿಯುತ್ತಿದ್ದ ಒಂದೇ ಹೆಸರು ಲೋಖಂಡಿ ತವಾ, ಕಬ್ಬಿಣದ ಹಂಚು, ತವಾ ಆಜಿ ಎಂದೇ ಎಲ್ಲರ ಬಾಯಲ್ಲಿ, ಸಾತಾರದ ಕಡೆಯ ಯಾವುದೋ ವಾಡೆಯಲ್ಲಿ ಒಲೆ ಮುಂದೆ ಕೂತ ಬೊಚ್ಚುಬಾಯಿಯ ಮುದುಕಿ ಎಂದು ಎಲ್ಲರ ಊಹೆ, ಮತ್ತು ಆ ಆಜಿಗೆ ಎದುರು ನಿಂತ ಒಂದೇ ಹೆಸರು ಖಾರಿ.

ತೂತಿನ ಯುದ್ಧ ಶುರು ಮಾಡಿದವರು ಯಾರು, ಆಜಿಯೇ, ಆ ಮೊದಲ ಸಾಲು ಬಾಯಿಪಾಠ, ಈಗಿನ ಪೋರೀರು ಥಾಲಿಪೀಠಕ್ಕ ಐದೈದು ತೂತು ಹಾಕತಾರ, ಅದೇನು ತಿನ್ನೋದೋ ಅಂಗಿಗೆ ಹಚ್ಚೋದೋ, ಗುಂಡಿಗೂ ನಾಕ ತೂತು ಇರ್ತಾವಲೇ. ಮೈ ಉರಿದಿತ್ತು ಶರಯೂಗೆ, ತಾನು ಹಾಕುವುದು ಐದೇ, ಅವಳ ತಾಯಿ ಹಾಕಿದ್ದೂ ಐದೇ, ಎಲ್ಲಾ ಕಡೆ ಎಣ್ಣೆ ಇಳಿಯಬೇಕಲ್ಲ, ಆಜಿ, ಒಂದು ತೂತಿಂದು ಗ್ರಾಮಫೋನ್ ತಟ್ಟಿ, ಹಾಡಿದ್ದ ಹಾಡತದ, ಎಂದು ಬರೆದಳು, ಚಿವಡಾ ಮಂದಿ ಕುಣಿದಾಡಿದರು. ಅವತ್ತು ಮಧ್ಯಾಹ್ನ ನಾನಾ ಉಂಡದ್ದು ಅವಳದೇ ಐದು ತೂತಿನ ಥಾಲಿಪೀಠ, ಒಂದು ಮಾತಿಲ್ಲದೆ ಉಂಡು, ತಟ್ಟೆ ತೊಳೆದಿಟ್ಟು, ಟ್ಯಾಬ್ ಹಿಡಿದು ಗ್ಯಾಲರಿಯ ಜೋಕಾಲಿಯಲ್ಲಿ ಹೋಗಿ ಕೂತಿದ್ದರು, ಇಸ್ಪೀಟು ಆಡುತ್ತಾರೆ ಎಂದೇ ಮನೆಯವರೆಲ್ಲ ತಿಳಿದದ್ದು, ಗೋಡೆಯ ಈಚೆ ಅಡುಗೆಮನೆಯಲ್ಲಿ ಅವಳು, ಆಚೆ ಜೋಕಾಲಿಯಲ್ಲಿ ಅವರು, ಗೋಡೆ ಒಂದೇ, ಆ ಗೋಡೆಗೆ ನೇತುಬಿದ್ದ ಮಿಣಿಮಿಣಿ ದೀಪದ ವೈಫೈ ಪೆಟ್ಟಿಗೆಯೂ ಒಂದೇ, ಅದರ ಹೊಟ್ಟೆಯೊಳಗೆ ಇಬ್ಬರ ಬೈಗುಳಗಳೂ ಭುಜಕ್ಕೆ ಭುಜ ತಿಕ್ಕಿಕೊಂಡು ಹೊರಗೆ ಹೋಗುತ್ತಿದ್ದವು, ಅದಕ್ಕೊಂದು ಬಾಯಿ ಇದ್ದಿದ್ದರೆ ಅವತ್ತೇ ನಕ್ಕು ಸುಟ್ಟುಹೋಗುತ್ತಿತ್ತು. ಇನ್ನೊಂದು ದಿನ ಆಜಿ ಬರೆದದ್ದು, ಜಗಳದ ನಡುವೆಯೇ, ಆದರೆ ದನಿ ತಗ್ಗಿಸಿದ ಹಾಗೆ, ಒಂದ ತೂತು ಯಾಕ ಅಂದ್ರ ನೋಡವಾ, ಮೊದಲನೇದು ಬೆಂದ ಕೂಡಲೇ ಎತ್ತಿ ಹಿಡಿದು ಅದರಾಗಿಂದ ಮನೀ ಮಂದಿನ್ನ ನೋಡಬೇಕು, ಯಾರು ಹಸದಾರ, ಯಾರು ಮುನಿಸಿಕೊಂಡಾರ, ಅಷ್ಟ ಕಾಣಸ್ತದ, ಉಳದ ಜಗತ್ತು ಮರೆ ಆಗತದ, ಐದು ಹಾಕಿದ್ರ ಯಾವುದಕ್ಕ ಕಣ್ಣು ಹಚ್ಚತೀ. ಕನ್ನಡಕದ ಅಂಗಡಿಗೆ ಹೋಗ್ರಿ ಆಜಿ, ಎಂದು ಬರೆದು ನಗುಮುಖ ಅಂಟಿಸಿದ್ದಳು ಖಾರಿ. ಬರೆದ ಮೇಲೆ ಬಹಳ ಹೊತ್ತು ಆ ತೂತು ಕಣ್ಣ ಮುಂದಿನಿಂದ ಹೋಗಲಿಲ್ಲ.

ಆಮೇಲೆ ಕೋತವಾಲರ ನೋಟೀಸು. ಚಾವಡಿಯ ಪಂಚರಲ್ಲಿ ಹಿರಿಯರು, ಅವರು ಬರೆದರೆ ತುತೂರಿ ಊದಿದಂತೆ, ಖಾರಿ ಹಾಗೂ ಲೋಖಂಡಿ ತವಾ ಎಂಬ ಉಭಯ ನಾಮಧಾರಿಗಳು ಒಂದೇ ಮನೆಯ ಇಂಟರ್ನೆಟ್ಟಿನಿಂದ ಬರೆಯುತ್ತಿರುವುದು ಪಂಚರ ಗಮನಕ್ಕೆ ಬಂದಿದೆ, ಇಷ್ಟು ತಾಳಬದ್ಧವಾಗಿ ಕಲಹಿಸುವುದು ಇಬ್ಬರು ಭಿನ್ನ ವ್ಯಕ್ತಿಗಳಿಗೆ ಅಸಾಧ್ಯ, ಆದ್ದರಿಂದ ಇದು ಏಕವ್ಯಕ್ತಿಯ ವೇಷಗಾರಿಕೆ, ವಾರ್ಷಿಕ ಕಟ್ಟಾದಂದು, ಅರ್ಥಾತ್ ಸದಸ್ಯರ ಮುಖಾಮುಖಿ ಕೂಟದಂದು, ಇಬ್ಬರೂ ಸದೇಹರಾಗಿ ಹಾಜರಾಗದಿದ್ದಲ್ಲಿ ಉಭಯರ ಸಮಸ್ತ ಬರಹಗಳನ್ನೂ ವಿಸರ್ಜಿಸಲಾಗುವುದು. ಊಟದ ಬಿಡುವಿನಲ್ಲಿ ಓದಿದ್ದಳು, ಮನೆಯಿಂದಲೇ ಕೆಲಸ ಮಾಡುವ ದಿನ, ಬಾಯಿಯಲ್ಲಿ ತುತ್ತು, ಒಂದೇ ಮನೆಯ — ನಮ್ಮ ಮನೆಯ — ತುತ್ತು ಅಲ್ಲೇ ನಿಂತಿತು, ಮನೆಯಲ್ಲಿ ಇರುವವರು ಮೂರೇ ಜನ, ಸಲಿಲನಿಗೆ ಥಾಲಿಪೀಠಕ್ಕೂ ಆಮ್ಲೆಟಿಗೂ ವ್ಯತ್ಯಾಸ ಗೊತ್ತಾಗುವುದು ತಟ್ಟೆಗೆ ಬಿದ್ದ ಮೇಲೆ, ಮತ್ತೆ ಯಾರು, ಗ್ಯಾಲರಿಯಿಂದ ಜೋಕಾಲಿಯ ಸರಪಳಿ ಕಿರ್ರ್ ಎಂದಿತು, ಕಿರ್ರ್, ನಿಂತಿತು, ಅವರೂ ಓದುತ್ತಿದ್ದಾರೆ, ಇದೇ ಸಾಲು, ಇದೇ ಕ್ಷಣ. ಹೋಗಿ ಕೇಳಲಿಲ್ಲ, ಹೇಗೆ ಕೇಳುವುದು, ನಾನಾ, ನೀವು ಆಜಿಯೇನು ಎಂದೇ. ನಾನಾ ಎಂಬ ಹೆಸರಿಟ್ಟುಕೊಂಡು ನಾನಾ ವೇಷ ಹಾಕದೆ ಇರುತ್ತಾರೆಯೇ ಎಂದು ನಗು ಬಂದು, ಎದ್ದು ಹಿಟ್ಟು ಕಲಸಿ, ತಟ್ಟಿ, ನಡುವೆ ಒಂದು ತೂತು, ಒಂದೇ, ಜನ್ಮದಲ್ಲಿ ಮೊದಲ ಸಲ, ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದಳು. ನಾನಾ ನೋಡಿದರು. ಕ್ಯಾಲೆಂಡರನ್ನಲ್ಲ, ಥಾಲಿಪೀಠವನ್ನು. ಅಂಚಿನಿಂದ ಮುರಿದು ಸುತ್ತಲೂ ತಿಂದರು, ನಡುವಿನ ತೂತಿನ ಸುತ್ತ ಒಂದು ಬಳೆಯಷ್ಟು ಉಳಿಯುವವರೆಗೆ, ಆಮೇಲೆ ಹೇಳಿದರು, ತೂತು ಭಾಳ ದೊಡ್ಡದಾತು, ಬಾವಿ ತೋಡೀ ಏನು — ಹಾ, ಅದು ತವಾ, ಅಪ್ಪಟ ತವಾ, ತೆರೆಯ ಮೇಲಿನ ಅಕ್ಷರ ಎದ್ದು ಬಾಯಿಂದ ಬಂದ ಹಾಗೆ, ಅವಳ ಕೈಯಲ್ಲಿದ್ದ ಸಟ್ಟುಗ ಬಿತ್ತು. ಅವರು ಗೋಡೆಯ ಮೇಲಿನ ಫೋಟೊ ಕಡೆ ನೋಡಿದರು, ಇಂದುಮತಿ ಗೋಡಬೋಲೆ, ಶರಯೂ ಮದುವೆಯಾಗಿ ಬರುವ ಮೊದಲೇ ತೀರಿಹೋಗಿದ್ದ ಅತ್ತೆ, ಫೋಟೊದಲ್ಲಿ ಬಾಯಿ ಬಿಗಿದ, ಸಾಧು ಸ್ವಭಾವದವಳ ಹಾಗೆ ಕಾಣುವ ಹೆಂಗಸು, ಕೈಯೊಂದು ಸೊಂಟದ ಮೇಲೆ. ಮಾತು ಆಕೀದು, ಎಂದರು ನಾನಾ. ಬೆರಳಷ್ಟ ನಂದು. ಅಷ್ಟು ಹೇಳಿ ಬಳೆಯನ್ನೂ ತಿಂದರು. ಅಂದರೆ ಇಷ್ಟು ದಿನ ತಾನು ಜಗಳವಾಡಿದ್ದು ಅತ್ತೆಯ ಜೊತೆ, ಕಣ್ಣಾರೆ ಕಾಣದ ಅತ್ತೆಯ ಜೊತೆ, ಅದೂ ಸರಿಸಮ, ಸೊಸೆಯಾದವಳು ಪುಣೆಯಲ್ಲಿ ಬಿಡಿ, ಇಡೀ ಮಹಾರಾಷ್ಟ್ರದಲ್ಲಿ ಹೀಗೆ ಜಗಳವಾಡಿರಲಿಕ್ಕಿಲ್ಲ, ಆ ಮಾತನ್ನೆಲ್ಲ ಕೋತವಾಲರು ಅಳಿಸಿಹಾಕುತ್ತಾರಂತೆ, ಅಳಿಸಲಿ ನೋಡೋಣ. ಸಂಜೆ ಚಾವಡಿಯಲ್ಲಿ ನಿಜ ಬರೆದಳು, ತವಾ ಎಂದರೆ ನಮ್ಮ ಮಾವನವರು. ಚಿವಡಾ ಮಂದಿ ಬಿದ್ದು ಬಿದ್ದು ನಕ್ಕರು, ಇವತ್ತು ಮಾವ, ನಾಳೆ ನಾದಿನಿ, ನಾಡಿದ್ದು ಬೆಕ್ಕು, ಇವಳ ಮನೆಯಲ್ಲಿ ಎಲ್ಲರೂ ಟೈಪು ಮಾಡತಾರಪ್ಪ.

ಮ್ಹಾತ್ರೆ ಪೂಲಿನ ಮೇಲೆ ಗಾಳಿ, ಓಢಣಿಯ ತುದಿ ಪಟಪಟ, ಕೆಳಗೆ ಮುಠಾ ನದಿ ಇದೆಯೋ ಇಲ್ಲವೋ ಎಂಬಷ್ಟು, ನಾನಾ, ಅಲ್ಲಿ ಮಾತಾಡಬೇಕಾಗತದ ಎಂದು ಗಾಳಿಗೆ ಕೂಗಿದಳು, ಹೂಂ, ಜೋರಾಗಿ ಮಾತಾಡಬೇಕಾಗತದ, ಹೂಂ. ನವೀ ಪೇಠೆಯ ಸಭಾಂಗಣ, ಚಪ್ಪಲಿಗಳ ಗುಡ್ಡ, ಬಾಗಿಲಲ್ಲೇ ಎದೆಗೆ ಚುಚ್ಚಲು ಚೀಟಿ, ನಿಜವಾದ ಹೆಸರು ಬರೆಯುವಂತಿಲ್ಲ, ಅದು ಕಟ್ಟಾದ ಪದ್ಧತಿ, ಎದೆಯ ಮೇಲೆ ಚಾವಡಿಯ ಹೆಸರೇ ಇರಬೇಕು, ಆದ್ದರಿಂದ ಪಾಣಿಪತ್ತಿನ ಸೇನಾಪತಿ ಎಂದು ಚುಚ್ಚಿಕೊಂಡ ಸಣಕಲ ಹುಡುಗ ಬಟಾಟೆವಡೆಗೆ ಸಾಲಿನಲ್ಲಿ ನಿಂತಿದ್ದಾನೆ, ಆಧಾರ ಕೊಡಿ ಎನ್ನುವವನು ಊರುಗೋಲಿನ ಆಧಾರದಲ್ಲಿ ಬಂದ ಅಜ್ಜ, ಇದನ್ನು ಈ ಹಿಂದೆಯೇ ಚರ್ಚಿಸಲಾಗಿದೆ ಎಂಬಾತ ಯಾರ ಜೊತೆಗೂ ಏನೂ ಚರ್ಚಿಸದೆ ಮೂಲೆಯಲ್ಲಿ ನಾಚಿ ಕೂತಿದ್ದಾನೆ, ಮತ್ತು ಕೋತವಾಲ, ಅಯ್ಯೋ, ತುತೂರಿಯ ಕೋತವಾಲ, ಹಲ್ಲಿನ ಡಾಕ್ಟರಂತೆ, ದನಿ ನೋಡಿದರೆ ಹಾಲು ಕುಡಿದ ಬೆಕ್ಕಿನ ಮರಿಯದು. ಖಾರಿ ಎಂಬ ಚೀಟಿ ಕಂಡು ಎಲ್ಲರೂ ಸುತ್ತುಗಟ್ಟಿದರು, ಆಮೇಲೆ ನಾನಾ ಬಗ್ಗಿ, ನಿಧಾನ, ಒಂದೊಂದೇ ಅಕ್ಷರ ಕೆತ್ತಿದ ಹಾಗೆ ಲೋಖಂಡಿ ತವಾ ಎಂದು ಬರೆದು ಬಿಳಿ ಅಂಗಿಗೆ ಚುಚ್ಚಿಕೊಂಡರು, ಮೀಸೆಯ ಕೆಳಗೆ ಆ ಹೆಸರು, ಸುತ್ತಲೂ ನಗು, ಕೆಟ್ಟ ನಗುವಲ್ಲ, ಅದೇ ಕಷ್ಟ, ಪಾಪ ಎನ್ನುವ ನಗು, ಖಾರಿ ಎಲ್ಲಿಂದಲೋ ಯಾರೋ ಒಬ್ಬ ಅಜ್ಜನನ್ನು ಹಿಡಿದು ತಂದಿದ್ದಾಳೆ, ಯಾರನ್ನಾದರೂ ನಿಲ್ಲಿಸಿ ಇವರೇ ತವಾ ಅಂದರಾಯಿತೇ. ಕೋತವಾಲರು ಮೈಕ್ ಹಿಡಿದು, ಕಾಕಾ, ನೀವೇ ತವಾ ಆಗಿದ್ದರೆ ದಯವಿಟ್ಟು ನಾಲ್ಕು ಮಾತು, ಎಂದರು. ನಾನಾ ಕೊಡೆ ಊರಿ ನಿಂತರು. ಎದುರಿನ ಗೋಡೆಯಲ್ಲಿ ಕ್ಯಾಲೆಂಡರು ಹುಡುಕಿದರು. ಹೂಂ ಕೂಡ ಬರಲಿಲ್ಲ. ಕೂತುಕೊಳ್ಳಿ ಕಾಕಾ, ನೀರು ಬೇಕೇ, ಎಂದು ಕೋತವಾಲರು ಅಷ್ಟು ಮೆತ್ತಗೆ ಕೇಳಿದಾಗಲೇ ಶರಯೂಗೆ ತಿಳಿಯಿತು, ಹೋಯಿತು, ಎಲ್ಲಾ ಹೋಯಿತು, ಆ ತೂತಿನ ಮಾತೂ ಹೋಯಿತು, ಎತ್ತಿ ಹಿಡಿದು ನೋಡಬೇಕು ಎಂದದ್ದು, ಇನ್ನೊಂದು ಸಲ ಓದಲೂ ಸಿಗುವುದಿಲ್ಲ.

ಅವಳ ಬಾಯಿಗೆ ಬಂದದ್ದು, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಾಲಿಗೆಯ ತುದಿಗೇ ಬಂದಿತ್ತು ಹಾಳಾದ್ದು, ನುಂಗಿದಳು, ಕುರ್ಚಿ ಸರಿಸಿ ಎದುರಿಗೆ ಬಂದು ನಿಂತಳು, ಮಾವನವರ ಎದುರಿಗೆ, ಕಣ್ಣಿಗೆ ಕಣ್ಣು ಕೊಟ್ಟು, ಏನ್ ಆಜಿ, ಎಂದಳು, ಜೋಕಾಲಿ ಮ್ಯಾಲೆ ಕೂತು ಕುಟ್ಟೋದು ಭಾಳ ಸುಲಭ ಇತ್ತಲ್ಲ, ನಾಕು ಮಂದಿ ಮುಂದ ತವಾ ತಣ್ಣಗಾತೇನು. ಹಿಂದೆ ಯಾರೋ ಉಸಿರೆಳೆದುಕೊಂಡರು. ಐದು, ಎಂದಳು, ಐದೂ ಬೆರಳು ಅಗಲಿಸಿ, ನನ್ನ ತಾಯಿದು ಐದು, ನಂದು ಐದು, ನಾಳೆ ನನ್ನ ಮಗಳು ಹುಟ್ಟಿದ್ರ ಆಕೀದೂ ಐದು, ನಿಮ್ಮ ಒಂದು ತೂತು ಹಳೇ ಕಿಟಕಿ, ಮುಚ್ಚಿಬಿಡ್ರಿ, ಥಂಡಿ ಬರತದ. ಕೊಡೆ ಟಕ್ ಎಂದಿತು ನೆಲಕ್ಕೆ. ನಾನಾರ ಎಡಗೈ ಏಳುತ್ತಿದೆ, ನಿಧಾನ, ಸೊಂಟಕ್ಕೆ ಬಂದು ಕೂತಿತು, ತಲೆ ಒಂದು ಕಡೆ ವಾಲಿತು, ಹುಬ್ಬು ಮೇಲೆ, ಫೋಟೊ ಗೋಡೆಯಿಂದ ಇಳಿದು ಬಂದಂತೆ, ದನಿ ಅವರದೇ, ದಪ್ಪ, ತುಕ್ಕು ಹಿಡಿದದ್ದು, ಆದರೆ ಅದರ ನಡಿಗೆ ಬೇರೆ ಯಾರದೋ, ಸೀರೆಯ ನಿರಿಗೆ ಒದ್ದುಕೊಂಡು ಅಂಗಳಕ್ಕೆ ಬರುವ ನಡಿಗೆ, ಏನಂದೀ, ಇನ್ನೊಮ್ಮೆ ಅನ್ನು. ತಣ್ಣಗಾಗಲಿಕ್ಕೆ ನಾ ಏನು ನಿಮ್ಮ ನಾನ್‌ಸ್ಟಿಕ್ ಅಂತ ತಿಳದೀಯೇನ. ಲೋಖಂಡ ಇದು. ಕಾಯಲಿಕ್ಕೂ ಹೊತ್ತು ಬೇಕು, ಆರಲಿಕ್ಕೂ ಹೊತ್ತು ಬೇಕು. ಸಭಾಂಗಣ ಎದ್ದು ನಿಂತಿತು, ಇಲ್ಲ, ಮೊದಲು ನಿಂತದ್ದು ಊರುಗೋಲಿನ ಅಜ್ಜ, ತವಾ, ಇದು ತವಾನೇ, ಎಂದರು, ಆಧಾರ ಕೇಳದೆ. ಆಮೇಲೆ ನಡೆದದ್ದನ್ನು ಯಾರು ಹೇಳಬೇಕು, ಇಬ್ಬರೂ ಬಿಚ್ಚಿಕೊಂಡರು, ಎಣ್ಣೆ ಎಷ್ಟು, ಹಿಟ್ಟಿಗೆ ಕೊತ್ತಂಬರಿ ಯಾವಾಗ, ಒದ್ದೆ ಬಟ್ಟೆ ಮೇಲೆ ತಟ್ಟುವುದೋ ನೇರ ತವಾದ ಮೇಲೋ, ನಿನ್ನ ಥಾಲಿಪೀಠ ತಿಂದು ತಿಂದು ನನ್ನ ದವಡಿಗೆ ವ್ಯಾಯಾಮ ಆಗ್ಯದ ಪೋರಿ, ಹಂಗಾರ ತಟ್ಟಿ ತೊಳೆದಷ್ಟು ಖಾಲಿ ಮಾಡಿದವರು ಯಾರು ಆಜಿ, ಬೆಕ್ಕೇನು, ಜನ ನಿಜವಾಗಿಯೂ ಚಿವಡಾದ ಪೊಟ್ಟಣ ಬಿಚ್ಚಿದರು, ಕೈಯಿಂದ ಕೈಗೆ, ಸ್ವಲ್ಪ ಸರೀರಿ, ಸ್ವಲ್ಪ ಸರೀರಿ, ಬಾಯಿಂದ ಕೇಳಿದ್ದು ಇದೇ ಮೊದಲು, ಕೋತವಾಲರು ಬೆಕ್ಕಿನ ಮರಿಯ ದನಿಯಲ್ಲಿ, ಪಂಚರಿಗೆ ಸಮಾಧಾನವಾಗಿದೆ, ದಯವಿಟ್ಟು ಈಗ, ಎಂದು ನಡುವೆ ಕೈ ಹಾಕಿದರು, ಇಬ್ಬರೂ ಒಟ್ಟಿಗೇ ಅವರ ಕಡೆ ತಿರುಗಿ, ಒಂದೇ ಉಸಿರಿಗೆ, ನೀವು ನಡಬರಕ ಬರಬ್ಯಾಡ್ರಿ — ನೋಡಿದ್ರೇನು, ಒಬ್ಬರೇ ಇವರು, ಎಂದು ಪಾಣಿಪತ್ತಿನ ಸೇನಾಪತಿ ಕೂಗಿದ, ನಗುವಿಗೆ ಸೂರು ಹಾರಿಹೋಗಬೇಕಿತ್ತು. ಕೋತವಾಲರು ತಾವೇ ಎರಡು ಬಟಾಟೆವಡೆ ತಂದು ಇಬ್ಬರಿಗೂ ಬೇರೆ ಬೇರೆ ತಟ್ಟೆಯಲ್ಲಿ ಕೊಟ್ಟರು, ಅದೇ ತೀರ್ಪು, ಉಭಯರಿಗೂ. ಯಾರೋ ನಡುವಯಸ್ಸಿನ ಹೆಂಗಸು ಬಂದು, ನಿಮ್ಮ ಮಾತು ಓದಿಕೊಂಡೇ ಒಬ್ಬಳೇ ಅಡಿಗಿ ಕಲಿತೆ ಆಜಿ, ಎಂದು ಮೀಸೆಯ ನಾನಾರ ಕಾಲಿಗೆ ಬಿದ್ದಳು, ಯಾರೂ ನಗಲಿಲ್ಲ, ನಾನಾರ ಕೈ ಸೊಂಟದಿಂದ ಎದ್ದು ಅವಳ ತಲೆಯ ಮೇಲೆ ಬಂತು, ಸುಖವಾಗಿರು ಪೋರಿ.

ಗೆದ್ದೆವು, ಗೆದ್ದೆವು ಅತ್ತೆ, ಎಂದು ಶರಯೂ ಮನಸ್ಸಿನಲ್ಲೇ ಕೂಗುತ್ತಿದ್ದಾಳೆ, ಯಾವತ್ತೂ ಕರೆಯದವಳನ್ನು ಕರೆಯುತ್ತಿದ್ದಾಳೆ, ಗಂಟಲು ಒಣಗಿದೆ, ಮೈಯೆಲ್ಲ ಬೆವರು, ಜನ, ಗದ್ದಲ, ಹಸಿವು, ಹೌದು ಹಸಿವು, ಡಬ್ಬಿ ಎಲ್ಲಿ, ಡಬ್ಬಿ ನಾನಾರ ಮಡಿಲಲ್ಲಿದೆ, ಅವರು ಕುರ್ಚಿಯ ಮೇಲೆ ಕೂತು ಮುಚ್ಚಳ ತೆಗೆಯುತ್ತಿದ್ದಾರೆ, ಎಷ್ಟು ಹಾಕಿರಬಹುದು, ಸೊಸೆಗಾಗಿ ಇವತ್ತಾದರೂ ಐದು, ಇಲ್ಲ, ಹಾಕುವವರಲ್ಲ, ಲೋಖಂಡ ಅದು, ಮೇಲಿನದನ್ನು ಎರಡೂ ಕೈಯಲ್ಲಿ ಎತ್ತಿದರು, ಅಂಚು ಸೀದಿದೆ, ನೆಟ್ಟಗಿಲ್ಲ, ನಕಾಶೆಯಲ್ಲಿನ ಯಾವುದೋ ದ್ವೀಪದ ಹಾಗಿದೆ, ಎತ್ತಿ ಮುಖದ ಮುಂದೆ ಹಿಡಿದರು, ಮೀಸೆ ಮರೆಯಾಯಿತು, ಚೀಟಿ ಮರೆಯಾಯಿತು, ಗದ್ದಲ ಎಲ್ಲಿ ಹೋಯಿತು, ನಡುವೆ ಒಂದು ತೂತು, ಒಂದೇ, ಅದರಲ್ಲಿ ಒಂದು ಕಣ್ಣು, ಕ್ಯಾಲೆಂಡರನ್ನಲ್ಲ, ಗೋಡೆಯನ್ನಲ್ಲ, ಅವಳನ್ನೇ, ಹಸಿದವಳನ್ನು, ಆ ತೂತು, ತೂತಿನೊಳಗೆ ಕಣ್ಣು, ಕಣ್ಣು